ಲಾವಾದ ರಾಸಾಯನಿಕ ಪಟ್ಟಿ ಓದೋದು ಹೇಗೆ?

ಒಂದು ಜ್ವಾಲಾಮುಖಿ ವಲಯದ ಲಾವಾಗಳ ಪಟ್ಟಿ ಕೈಗೆ ಸಿಕ್ಕಿತು ಅಂದ್ಕೊಳ್ಳಿ. ಎಲ್ಲರ ಕಣ್ಣೂ ಮೊದಲು ಸಿಲಿಕಾ (ಸಿಲಿಕಾನ್ ಡೈಆಕ್ಸೈಡ್) ಸಾಲಿಗೇ ಹೋಗುತ್ತದೆ. ಸ್ವಲ್ಪ ತಡೀರಿ, ಕೆಳಗಿನಿಂದ ಶುರು ಮಾಡಿ.

ಕೊನೆಯಲ್ಲಿ ಎಲ್ಲ ಆಕ್ಸೈಡ್‌ಗಳ ಒಟ್ಟು ಮೊತ್ತ ಇರುತ್ತದೆ, ತೂಕದ ಶೇಕಡಾ ಲೆಕ್ಕದಲ್ಲಿ. ಅದು 98.5ರಿಂದ 101ರ ಒಳಗಿದ್ದರೆ ನೆಮ್ಮದಿ. ಅದರ ಮೇಲೆ ಎಲ್‌ಒಐ (ಲಾಸ್ ಆನ್ ಇಗ್ನಿಷನ್, ಅಂದರೆ ಕಾಯಿಸಿದಾಗ ಕಳೆಯುವ ತೂಕ) ಅಂತ ಒಂದು ಸಾಲು. ಕಲ್ಲಿನ ಪುಡಿಯನ್ನು ಸುಮಾರು 1000 ಡಿಗ್ರಿಗೆ ಕಾಯಿಸಿದಾಗ ಹಾರಿಹೋಗುವ ನೀರು, ಕಾರ್ಬನ್ ಡೈಆಕ್ಸೈಡ್ ಇತ್ಯಾದಿಗಳ ಲೆಕ್ಕ ಅದು. ಇದು 2ಕ್ಕಿಂತ ಜಾಸ್ತಿ ಇದ್ದರೆ ಕಲ್ಲು ಮಳೆಗಾಳಿಗೆ ಸಿಕ್ಕಿ ಕೆಟ್ಟಿದೆಯಾ ಅಂತ ಅನುಮಾನ ಪಡಿ. ಸೋಡಿಯಂ, ಪೊಟ್ಯಾಸಿಯಂ ಎರಡೂ ನೀರಿನ ಜೊತೆ ಸುಲಭವಾಗಿ ಹೊರಟುಹೋಗುತ್ತವೆ, ಹಾಗಾಗಿ ಅಂಥ ಕಲ್ಲಿನಲ್ಲಿ ಅವುಗಳ ಅಂಕಿ ನಂಬೋದು ಕಷ್ಟ.

ಎಲ್‌ಒಐ ಕಳೆಯದೆ ಕಲ್ಲಿಗೆ ಹೆಸರಿಡಬೇಡಿ. ಸಿಲಿಕಾ 50.5, ಎಲ್‌ಒಐ 3, ಉಳಿದೆಲ್ಲ ಸೇರಿ ಒಟ್ಟು 100 ಅಂತಿಟ್ಟುಕೊಳ್ಳಿ. ನೋಡಿದರೆ ಬಸಾಲ್ಟ್. ಆದರೆ 50.5ನ್ನು 97ರಿಂದ ಭಾಗಿಸಿ 100ರಿಂದ ಗುಣಿಸಿದರೆ 52.1 ಬರುತ್ತದೆ, ಬಸಾಲ್ಟ್‌ನ ಗೆರೆ 52ಕ್ಕೇ ಮುಗಿಯುತ್ತದೆ, ಅಂದರೆ ನಿಮ್ಮ ಕಲ್ಲು ಸುಮ್ನೆ ಒಂದು ಭಾಗಾಕಾರದಿಂದ ಬಸಾಲ್ಟಿಕ್ ಆಂಡಿಸೈಟ್ ಆಯಿತು! 57 ದಾಟಿದರೆ ಆಂಡಿಸೈಟ್, 63 ದಾಟಿದರೆ ಡೇಸೈಟ್, ಆಮೇಲೆ ರಯೋಲೈಟ್. ಸೋಡಿಯಂ, ಪೊಟ್ಯಾಸಿಯಂ ಆಕ್ಸೈಡ್‌ಗಳ ಮೊತ್ತ ಜಾಸ್ತಿ ಇದ್ದರೆ ಹೆಸರುಗಳೇ ಬೇರೆ.

ಕಬ್ಬಿಣದಲ್ಲೂ ಎಡವುತ್ತಾರೆ. ಒಬ್ಬರು ಫೆರಿಕ್ ಆಕ್ಸೈಡ್ ಅಂತ ಬರೆದಿರುತ್ತಾರೆ, ಇನ್ನೊಬ್ಬರು ಫೆರಸ್ ಅಂತ. ಎರಡು ಪಟ್ಟಿ ಹೋಲಿಸುವ ಮುಂಚೆ ಫೆರಿಕ್ ಅಂಕಿಯನ್ನು 0.9ರಿಂದ ಗುಣಿಸಿ ಎಲ್ಲವನ್ನೂ ಫೆರಸ್ ಮಾಡಿಕೊಳ್ಳಿ. 12 ಇದ್ದದ್ದು 10.8 ಆಗುತ್ತದೆ, ಸಣ್ಣ ವ್ಯತ್ಯಾಸವೇನಲ್ಲ ಅಲ್ವಾ?

ಇನ್ನು ಮಜಾ ಇರೋ ಭಾಗ. ಸಿಲಿಕಾವನ್ನು ಅಡ್ಡಕ್ಕೆ, ಒಂದೊಂದೇ ಆಕ್ಸೈಡನ್ನು ಉದ್ದಕ್ಕೆ ಇಟ್ಟು ಎಲ್ಲ ಮಾದರಿಗಳನ್ನೂ ಚುಕ್ಕಿ ಹಾಕಿ. ಸಿಲಿಕಾ ಏರುವಾಗ ಮೆಗ್ನೀಸಿಯಂ, ನಿಕಲ್ ದಬದಬನೆ ಬಿದ್ದರೆ ಶಿಲಾಪಾಕದಿಂದ ಆಲಿವಿನ್ (ಈ ಎರಡನ್ನೂ ಹೀರಿಕೊಳ್ಳುವ ಖನಿಜ) ಹರಳು ಕಟ್ಟಿ ಬೇರೆಯಾಗುತ್ತಿತ್ತು ಅಂತ ಓದಬಹುದು. ಟೈಟಾನಿಯಂ ಮೊದಲು ಏರಿ, ಒಂದು ಕಡೆ ತಟ್ಟನೆ ತಿರುಗಿ ಇಳಿಯುತ್ತದೆಯಾ? ಅಲ್ಲಿ ಟೈಟಾನಿಯಂ ಸೇರಿಸಿಕೊಂಡ ಮ್ಯಾಗ್ನೆಟೈಟ್ ಹರಳು ಕಟ್ಟೋಕೆ ಶುರುವಾಗಿರಬೇಕು. ಇಂಥ ತಿರುವು ಎಲ್ಲೂ ಕಾಣದೆ ಎಲ್ಲ ಚಿತ್ರದಲ್ಲೂ ಚುಕ್ಕಿಗಳು ನೆಟ್ಟಗೆ ಒಂದೇ ಗೆರೆಯಲ್ಲಿ ನಿಂತಿದ್ದರೆ ಎರಡು ಶಿಲಾಪಾಕ ಬೆರೆತಿರುವ ಸಾಧ್ಯತೆ ಯೋಚಿಸಿ.

ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಲೆಕ್ಕದ ಧಾತುಗಳಲ್ಲಿ ನಾನು ಮೊದಲು ನೋಡೋದು ನಯೋಬಿಯಂ. ಬೇರಿಯಂ ತುಂಬಾ ಇದ್ದು ನಯೋಬಿಯಂ ಮಾತ್ರ ಕುಸಿದಿದ್ದರೆ ಆಂಡೀಸ್‌ನ ಹಾಗೆ ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವ ಜಾಗ ನೆನಪಾಗಬೇಕು. ಹವಾಯಿಯ ಲಾವಾದಲ್ಲಿ ಈ ಕುಸಿತ ಕಾಣುವುದಿಲ್ಲ.

ಅಂದಹಾಗೆ, ಕಲ್ಲನ್ನು ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಿ ಪುಡಿ ಮಾಡಿದ್ದರೆ ಕೋಬಾಲ್ಟ್, ಟ್ಯಾಂಟಲಂ ಅಂಕಿಗಳನ್ನು ಬಿಟ್ಟುಬಿಡಿ. ಅವು ಪಾತ್ರೆಯಿಂದಲೇ ಬಂದಿರಬಹುದು.