ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚುವ ಮುನ್ನ

ಸ್ಟ್ರಟ್‌ನ (ಕಾರಿನ ಚಕ್ರದ ಬಳಿ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದಾಗಿರುವ ಜೋಡಣೆ) ಮೇಲ್ತುದಿಯ ನಡುವಿನ ನಟ್ಟಿಗೆ ಈಗಲೇ ಸ್ಪ್ಯಾನರ್ ಹಾಕಬೇಡಿ. ಅದುಮಿ ಕೂತ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೊಂದೇ. ಸ್ಟ್ರಟ್ಟನ್ನು ಕಾರಿನಿಂದ ಇಳಿಸಲು ಮೇಲ್ತುದಿಯಲ್ಲಿ ಅದರ ಸುತ್ತಲಿನ ಮೌಂಟ್ ನಟ್ಟುಗಳನ್ನಷ್ಟೇ ಬಿಚ್ಚಿ.

ಸ್ಪ್ರಿಂಗನ್ನು ಅದುಮಿ ಹಿಡಿಯುವ ಎರಡು ಕಂಪ್ರೆಸರ್‌ಗಳನ್ನು ಎದುರುಬದುರಾಗಿ, 180 ಡಿಗ್ರಿ ಅಂತರದಲ್ಲಿ, ಆದಷ್ಟು ಹೆಚ್ಚು ಸುರುಳಿ ಸಿಗುವಂತೆ ಕೊಕ್ಕೆ ಹಾಕಿ. ಥ್ರೆಡ್ಡಿಗೆ ಗ್ರೀಸ್ ಇರಲಿ. ಕೈ ಸ್ಪ್ಯಾನರ್‌ನಲ್ಲೇ ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು. ನಾನೊಮ್ಮೆ ಅವಸರಪಟ್ಟು ಒಂದೇ ಕಡೆ ಬಿಗಿಯುತ್ತಾ ಹೋದೆ. ಸ್ಪ್ರಿಂಗ್ ಬಾಳೆಹಣ್ಣಿನಂತೆ ಬಾಗಿ, ಕೊಕ್ಕೆ ಟಕ್ಕೆಂದು ಬೆರಳಗಲ ಜಾರಿತು. ಎದೆ ಧಸಕ್ಕೆಂದಿತು. ಯಂತ್ರದಿಂದ ನಟ್ಟು ತಿರುಗಿಸುವ ಇಂಪ್ಯಾಕ್ಟ್ ಗನ್ನಂತೂ ಈ ಕೆಲಸಕ್ಕೆ ಮುಟ್ಟುವುದೇ ಇಲ್ಲ.

ಸ್ಪ್ರಿಂಗ್ ತಾನು ಕೂರುವ ಸೀಟಿನಲ್ಲಿ ಸಡಿಲವಾಗಿ ಅಲುಗಾಡತೊಡಗಿದರೆ ಸಾಕು, ನಿಲ್ಲಿಸಿ. ಆಮೇಲೆ ನಡುವಿನ ನಟ್ಟು. ಸ್ಟ್ರಟ್ಟಿನ ನೇರಕ್ಕೆ ಮುಖ ಒಡ್ಡದೆ, ಪಕ್ಕದಲ್ಲಿ ನಿಂತು ಬಿಚ್ಚಿ.