ದೂರದೇಶದ ಸುದ್ದಿ ಓದುವುದು ಹೇಗೆ?

ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಮಂಡ್ಯದ ರೈತರಿಗೂ ವಿದೇಶಾಂಗ ನೀತಿಗೂ ಎತ್ತಣಿಂದೆತ್ತ ಸಂಬಂಧ ಎನ್ನಬೇಡಿ. 2019ರಲ್ಲಿ ಚೀನಾ, ನ್ಯೂಜಿಲೆಂಡ್ ಸೇರಿದ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ನಡೆದಿದ್ದಾಗ, ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಸುರಿದರೆ ನಮ್ಮ ಗತಿಯೇನು ಎಂದು ದೇಶದ ಹಾಲು ಉತ್ಪಾದಕರು ದನಿ ಎತ್ತಿದರು. ಚೀನಾದ ಅಗ್ಗದ ಸರಕಿನ ಅಂಜಿಕೆಯೂ ಜೊತೆಗಿತ್ತು. ನವೆಂಬರ್ 4ರಂದು ಭಾರತ ಹೊರಗುಳಿಯಿತು. ಮತ ಹಾಕುವವರ ಕೂಗು ಹೀಗೆ ಗಡಿಯಾಚೆಯ ಮಾತುಕತೆಗೂ ಮುಟ್ಟುತ್ತದೆ. ಎಲ್ಲ ದೇಶಗಳಲ್ಲೂ ಮುಟ್ಟುವುದಿಲ್ಲ. ಪ್ರಜಾಪ್ರಭುತ್ವ, ಸರ್ವಾಧಿಕಾರ ಎಂಬ ಹಣೆಪಟ್ಟಿಯನ್ನಷ್ಟೇ ನೋಡದೆ, ಈ ವ್ಯತ್ಯಾಸವನ್ನು ಸುದ್ದಿಯೊಳಗೇ ಗುರುತಿಸಲು ಕಲಿಯಬಹುದು. ಮೈಸೂರಿನ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತು ಓದುವವರಿಗೂ ಇದು ಒದಗೀತು.

ಮೊದಲು, ತಡೆಯುವವರನ್ನು ಹುಡುಕಿ

ಯುದ್ಧದ ಸುದ್ದಿ ಬಂದಾಗ ನಾಯಕನ ಭಾಷಣಕ್ಕಿಂತ ಮುಂಚೆ, ಅವನಿಗೆ ‘ಬೇಡ’ ಎನ್ನಬಲ್ಲವರು ಯಾರೆಂದು ನೋಡಿ. 2013ರ ಆಗಸ್ಟ್‌ನಲ್ಲಿ ಸಿರಿಯಾ ಮೇಲಿನ ದಾಳಿಗೆ ಕೈಜೋಡಿಸಲು ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನ ಬೆಂಬಲ ಕೇಳಿದರು. 272ಕ್ಕೆ 285 ಮತಗಳಿಂದ ಸೋತರು. ಅಲ್ಲಿಗೆ ಮಾತು ಮುಗಿಯಿತು.

2022ರ ಫೆಬ್ರವರಿ 21ರಂದು ಕ್ರೆಮ್ಲಿನ್‌ನಲ್ಲಿ ನಡೆದ ಭದ್ರತಾ ಮಂಡಳಿಯ ಸಭೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ದೊಡ್ಡ ಸಭಾಂಗಣದ ಒಂದು ಬದಿಗೆ ಮೇಜಿನ ಮುಂದೆ ಪುಟಿನ್ ಒಬ್ಬರೇ. ಬಹು ದೂರದಲ್ಲಿ ಕುರ್ಚಿಗಳ ಮೇಲೆ ಅಧಿಕಾರಸ್ಥರು. ಉಕ್ರೇನಿನ ಎರಡು ಪ್ರಾಂತ್ಯಗಳಿಗೆ ಸ್ವತಂತ್ರ ದೇಶಗಳೆಂದು ಮಾನ್ಯತೆ ಕೊಡಬೇಕೇ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಲಾಯಿತು. ವಿದೇಶಿ ಗುಪ್ತಚರ ಇಲಾಖೆಯ ಮುಖ್ಯಸ್ಥ ಸೆರ್ಗೆಯ್ ನರಿಷ್ಕಿನ್ ತಡವರಿಸಿದರು. ನೇರವಾಗಿ ಹೇಳಿ ಎಂದು ಪುಟಿನ್ ಚುಚ್ಚಿದರು. ಗಲಿಬಿಲಿಗೊಂಡ ಆತ ಆ ಪ್ರಾಂತ್ಯಗಳನ್ನು ರಷ್ಯಾಕ್ಕೇ ಸೇರಿಸಿಕೊಳ್ಳುವ ಮಾತಾಡಿ, ನಾವು ಚರ್ಚಿಸುತ್ತಿರುವುದು ಅದಲ್ಲ ಎಂದು ತಿದ್ದಿಸಿಕೊಂಡರು. ಗುಪ್ತಚರ ಮುಖ್ಯಸ್ಥನೇ ಹೀಗೆ ನಡುಗುವ ಕಡೆ ಒಡೆಯನ ಕಿವಿಗೆ ಕೆಟ್ಟ ಸುದ್ದಿ ಹಾಕುವವರಾರು? ಮೂರೇ ದಿನಕ್ಕೆ ದಂಡಯಾತ್ರೆ ಶುರುವಾಯಿತು. ಕೀವ್ ಬೇಗ ಬೀಳುತ್ತದೆಂಬ ಲೆಕ್ಕಾಚಾರ ತಲೆಕೆಳಗಾಯಿತು.

ಆಮೇಲೆ, ಸತ್ತವರ ಲೆಕ್ಕ ಯಾವಾಗ ಬಂತು ನೋಡಿ

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯ ಘರ್ಷಣೆಯಲ್ಲಿ ನಮ್ಮ 20 ಯೋಧರು ಮಡಿದ ಸುದ್ದಿಯನ್ನು ಸೇನೆ ಮರುದಿನವೇ ಹೇಳಿತು. ತನ್ನವರು ನಾಲ್ವರು ಸತ್ತರೆಂದು ಚೀನಾ ಒಪ್ಪಿಕೊಂಡದ್ದು 2021ರ ಫೆಬ್ರವರಿಯಲ್ಲಿ. ಮಗನನ್ನು ಕಳೆದುಕೊಂಡ ಮನೆಯವರು ಮತಗಟ್ಟೆಗೆ ಹೋಗುವ ದೇಶದಲ್ಲಿ ಸಾವನ್ನು ತಿಂಗಳುಗಟ್ಟಲೆ ಮುಚ್ಚಿಡುವುದು ಕಷ್ಟ.

ಕೊಟ್ಟ ಮಾತಿನ ಹಿಂದೆ ಏನಿದೆ?

ಇದಕ್ಕೆ ಉದಾಹರಣೆ ಹುಡುಕಲು ಮಂಡ್ಯ ಜಿಲ್ಲೆ ದಾಟಬೇಕಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಸಾಲದೆಂದು ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಪಡೆದ. ಮಕ್ಕಳು ಮರಳಿದ್ದು 1794ರಲ್ಲಿ. ಒಪ್ಪಂದಕ್ಕೆ ಹೊಣೆ ನಿಲ್ಲಲು ಶಾಸನಸಭೆಯೂ ನ್ಯಾಯಾಲಯವೂ ಇಲ್ಲದಿದ್ದಾಗ ದೊರೆಯ ಕರುಳಕುಡಿಗಳೇ ಜಾಮೀನಾಗಬೇಕಾಯಿತು. ಒತ್ತೆ ಕೇಳಿದ ಕಂಪನಿಯೂ ಈ ನೆಲದ ಜನರಿಗೆ ಉತ್ತರ ಹೇಳಬೇಕಾದ ಆಡಳಿತವಲ್ಲ ಎಂಬುದು ಬೇರೆ ಮಾತು.

ಈಗ ಭಾರತ–ಬಾಂಗ್ಲಾ ಗಡಿ ಒಪ್ಪಂದ ನೋಡಿ. ಇಂದಿರಾ ಗಾಂಧಿ, ಮುಜಿಬುರ್ ರಹಮಾನ್ ಸಹಿ ಹಾಕಿದ್ದು 1974ರಲ್ಲಿ. ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದಬೇಕಿದ್ದರಿಂದ 100ನೇ ತಿದ್ದುಪಡಿ ಆಗುವಷ್ಟರಲ್ಲಿ 2015 ಬಂದಿತ್ತು. ಅಷ್ಟು ಕಾಲ ಒಂದು ದೇಶದೊಳಗೆ ಸಿಕ್ಕಿಕೊಂಡ ಇನ್ನೊಂದು ದೇಶದ ತುಂಡು ನೆಲಗಳಲ್ಲಿ ದೇಶವಿಲ್ಲದವರಂತೆ ಬದುಕಿದವರ ಪಾಡು ಸಣ್ಣದಲ್ಲ. ಆದರೆ ಬೇರೆ ಪಕ್ಷದ ಸರ್ಕಾರ ಬಂದರೂ ಒಪ್ಪಂದ ಉಳಿಯಿತು, ಸಂಸತ್ತಿನ ಒಪ್ಪಿಗೆಯೂ ಸಿಕ್ಕಿತು. ಅದೇ 2015ರಲ್ಲಿ ಒಬಾಮ ಸರ್ಕಾರ ಇರಾನ್ ಜೊತೆ ಮಾಡಿಕೊಂಡ ಅಣು ಒಪ್ಪಂದ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಅನುಮೋದನೆ ಪಡೆದ ಕರಾರಾಗಿರಲಿಲ್ಲ. 2018ರಲ್ಲಿ ಟ್ರಂಪ್ ಸಲೀಸಾಗಿ ಹೊರನಡೆದರು. ಹಾಗಾಗಿ ಒಪ್ಪಂದದ ಸುದ್ದಿಯಲ್ಲಿ ಕೈಕುಲುಕುವ ಚಿತ್ರ ಬಿಟ್ಟು, ಅದು ಶಾಸನಸಭೆ ದಾಟಿತೇ ಎಂದು ಹುಡುಕಿ.

ಹೊಂದದ ಉದಾಹರಣೆಗಳನ್ನೂ ಎದುರಿಗಿಟ್ಟುಕೊಳ್ಳಿ

ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದು ಬಲು ಅಪರೂಪ ಎಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. 1999ರ ಕಾರ್ಗಿಲ್ ಇದಕ್ಕೆ ತೊಡಕು: ಎರಡೂ ಕಡೆ ಚುನಾಯಿತ ಸರ್ಕಾರವಿತ್ತು, ಆದರೆ ಪಾಕಿಸ್ತಾನದಲ್ಲಿ ನಿಜವಾದ ಲಗಾಮು ಸೇನೆಯ ಕೈಲಿತ್ತು. ಇನ್ನು, ಪ್ರಜಾಪ್ರಭುತ್ವವೆಂದರೆ ಶಾಂತಿಪ್ರಿಯ ಎಂದುಕೊಂಡರೆ ಅಮೆರಿಕ, ಬ್ರಿಟನ್ ಸೇರಿ ಶುರುಮಾಡಿದ 2003ರ ಇರಾಕ್ ಯುದ್ಧ ಅಡ್ಡ ಬರುತ್ತದೆ. ನನ್ನನ್ನು ಹೆಚ್ಚು ಕಾಡುವುದು 1971. ಪೂರ್ವ ಪಾಕಿಸ್ತಾನದಲ್ಲಿ ಯಾಹ್ಯಾ ಖಾನ್ ಸೇನೆ ಜನರನ್ನು ಕೊಲ್ಲುತ್ತಿದ್ದಾಗ ನಿಕ್ಸನ್‌ರ ಅಮೆರಿಕ ಆ ಸರ್ವಾಧಿಕಾರಿಯ ಪರ ನಿಂತು, ಭಾರತವನ್ನು ಬೆದರಿಸಲು ಬಂಗಾಳ ಕೊಲ್ಲಿಯತ್ತ ಯುದ್ಧನೌಕೆ ಕಳಿಸಿತು.

ಕೊನೆಗೆ ನಮ್ಮ ಮನೆಯತ್ತಲೂ ನೋಡಿ. ಅಮೆರಿಕದಲ್ಲಿ ಸಂವಿಧಾನದ ಪ್ರಕಾರದ ಕರಾರಿಗೆ ಸೆನೆಟ್‌ನ ಮೂರನೇ ಎರಡರಷ್ಟು ಒಪ್ಪಿಗೆ ಬೇಕು. ಭಾರತದಲ್ಲಿ ನೆಲ ಬಿಟ್ಟುಕೊಡುವಂಥ ಪ್ರಸಂಗಗಳನ್ನು ಬಿಟ್ಟರೆ, ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರಕ್ಕೆ ಸಂಸತ್ತಿನ ಪೂರ್ವಾನುಮತಿ ಬೇಕಿಲ್ಲ. ಇದು ದೊಡ್ಡ ಕೊರತೆಯೆಂದೇ ನನ್ನ ಭಾವನೆ. ಸದ್ಯಕ್ಕೆ ಉಳಿದಿರುವ ದಾರಿ ಸದನದ ಪ್ರಶ್ನೋತ್ತರ. ವಿದೇಶಾಂಗ ಸಚಿವಾಲಯ ಕೊಟ್ಟ ಉತ್ತರಗಳು ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಮೈಸೂರು, ಮಂಡ್ಯದ ಸಂಸದರು ಈ ಬಗ್ಗೆ ಏನಾದರೂ ಕೇಳಿದ್ದಾರೆಯೇ ಎಂಬುದನ್ನೂ ಅಲ್ಲೇ ಹುಡುಕಬಹುದು.