ಟೈಲ್ಸ್ ಮೇಲೂ ಸುರಗಿ ನಿಲ್ಲುತ್ತದೆ

"ಮಂಟಪದಾಗ ಸುರಗಿ ನಿಲ್ಲಂಗಿಲ್ಲವಾ, ನಾಕು ಮೂಲಿಗೆ ನಾಕು ಹುಡುಗೂರ್ನ ತಂಬಿಗಿ ಹಿಡಿಸಿ ಕೂಡ್ಸು" ಅಂದಿದ್ದರು ಹಿರಿಯರು. ನಾಲ್ಕು ಮೂಲೆಗೆ ನೀರಿನ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಮಣೆ ಮೇಲೆ ಕೂರಿಸಿ ನೀರೆರೆಯುವ ಲಗ್ನದ ಶಾಸ್ತ್ರವೇ ಸುರಗಿ. ಈಗ ಹುಬ್ಬಳ್ಳಿ, ಧಾರವಾಡ, ಗದಗ ಸೇರಿ ನಾನು ಮಂಟಪದಲ್ಲಿ ಸುರಗಿ ನಿಲ್ಲಿಸಿದ್ದು ಹದಿನೈದು ಲಗ್ನವಾದರೂ ಆಗಿರಬೇಕು. ಒಂದು ತಂಬಿಗೆಯೂ ಉರುಳಿಲ್ಲ.

ಅಂಗಳದ ಮಣ್ಣಿನಲ್ಲಿ ತಂಬಿಗೆ ಊರಿಕೊಳ್ಳುತ್ತದೆ, ಕಲ್ಯಾಣ ಮಂಟಪದ ಟೈಲ್ಸ್ ಮೇಲೆ ಜಾರುತ್ತದೆ. ಅದರ ಜೊತೆಗೆ ಮುತ್ತೈದೆಯರು ಒಂದೊಂದು ಸುತ್ತಿಗೂ ನೂಲು ಬಿಗಿ ಎಳೆಯುತ್ತಾರೆ. ಮೂರನೇ ಸುತ್ತಿಗೇ ನಾಲ್ಕೂ ಒಳಗೆ ವಾಲುತ್ತವೆ. ಸ್ಟೀಲ್ ತಂಬಿಗೆ ಹಗುರ, ಕೆಲಸಕ್ಕೆ ಬರಲಿಲ್ಲ. ಮರಳು ತುಂಬಿದರೆ ನಿಂತಿತು, ಆದರೆ ಶಾಸ್ತ್ರಕ್ಕೆ ಬೇಕಾದದ್ದು ನೀರು. ಕೊನೆಗೆ ಕೂಡಿಬಂದದ್ದು ಹಿತ್ತಾಳೆ ತಂಬಿಗೆ, ಮುಕ್ಕಾಲು ನೀರು, ಅಡಿಗೆ ಹಿಂಡಿದ ಒದ್ದೆ ಬಟ್ಟೆಯ ಸಿಂಬಿ, ಸಿಂಬಿಯ ನಡುವೆ ಒಂದು ಹಿಡಿ ಅಕ್ಕಿ. ನೂಲು ನಡುವೆ ನಾಲ್ಕು ಬೆರಳು ಜೋತು ಬೀಳುವಷ್ಟು ಸಡಿಲ ಇರಲಿ.

ನೂಲಿನ ಲೆಕ್ಕ: ಬದಿಗೆ ನಾಲ್ಕು ಮೊಳದ ಚೌಕಕ್ಕೆ ಸುತ್ತಿಗೆ 16 ಮೊಳ, ಐದು ಸುತ್ತಿಗೆ 80. ನಾನು 100 ಮೊಳ ಇಟ್ಟುಕೊಳ್ಳುತ್ತೇನೆ. ಒಂಟಿ ಎಳೆ ಕಡಿಯುತ್ತದೆ, ಐದೆಳೆ ಹೊಸೆದದ್ದೇ ಬೇಕು. ಅರಿಷಿಣ ದಪ್ಪಗೆ ಹಚ್ಚಿದರೆ ಒಣಗಿ ಉದುರಿ ಎಳೆಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ತೆಳು ಅರಿಷಿಣ ನೀರಲ್ಲಿ ಅದ್ದಿ, ನೆರಳಿಗೆ ಒಣಗಿಸಿ, ಉಂಡೆ ಮಾಡಬೇಕು. ಕೊನೆಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟೊಂದಿದೆ. ಅದು ಕೈಯಿಂದ ಕೈಗೆ ಕಲಿಯುವಂಥದ್ದು, ಬರೆಯುವುದಿಲ್ಲ.

ಒಮ್ಮೆ ಅರಿಷಿಣ ನೀರು ಹರಿದು ಕಲೆಯಾಗಿ, ಒಂದು ಮಂಟಪದವರು ಡಿಪಾಜಿಟ್‌ನಲ್ಲಿ ಸುಮಾರು 2,000 ಮುರಿದುಕೊಂಡರು. ಆ ದುಡ್ಡಿಗೆ ಎರಡು ತಾಡಪತ್ರಿ ಬರುತ್ತಿದ್ದವು. ಈಗ ತಾಡಪತ್ರಿ ಹಾಸಿ, ನಾಲ್ಕೂ ಅಂಚಿನ ಕೆಳಗೆ ಹಳೆ ಸೀರೆ ಸುತ್ತಿಟ್ಟು ಏರಿ ಮಾಡಿಯೇ ಮಣೆ ಹಾಕುವುದು. ಆರತಿಯ ಕೆಂಪು ನೀರಿಗೂ ಒಂದು ಅಳತೆ ಇದೆ: ಒಂದು ತಟ್ಟೆ ಅರಿಷಿಣ ನೀರಿಗೆ ಸುಣ್ಣ ಕಡಲೆಕಾಳಿನಷ್ಟು ಸಾಕು, ಹೆಚ್ಚಾದರೆ ಕಂದು ತಿರುಗುತ್ತದೆ.

ಐದು ಮಂದಿ ಮುತ್ತೈದೆಯರಿಗೆ ಹಿಂದಿನ ದಿನವೇ ಕೆಲಸ ಹಂಚಬೇಕು. ಇಬ್ಬರು ನೂಲಿಗೆ, ಇಬ್ಬರು ನೀರಿಗೆ, ಒಬ್ಬಳು ಆರತಿಗೆ. ಎಲ್ಲರೂ ಎಲ್ಲ ಮಾಡಹೋದರೆ ಬಿಸಿನೀರು ಆರಿಹೋಗುತ್ತದೆ. ಮದುಮಗಳ ತಾಯಿ ಗಂಡನನ್ನು ಕಳೆದುಕೊಂಡವಳಾದರೆ ಮೊದಲ ತಂಬಿಗೆ ನೀರು ಅವಳೇ ಹಾಕಲಿ ಎಂದು ಬೀಗರ ಹಿರಿಯರ ಹತ್ತಿರ ಮೊದಲೇ ಮಾತಾಡಿರುತ್ತೇನೆ. ಹೆತ್ತವಳನ್ನು ಬಾಗಿಲಲ್ಲಿ ನಿಲ್ಲಿಸಿ ಮಾಡುವ ಶಾಸ್ತ್ರಕ್ಕೆ ನನ್ನ ಕೈ ಏಳುವುದಿಲ್ಲ.

ಮದುಮಕ್ಕಳ ಪಕ್ಕ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿಯ ಕಷ್ಟ ಯಾರೂ ನೋಡುವುದಿಲ್ಲ. ತುಂಬಿದ ಕಳಸ, ಮೇಲೊಂದು ತೆಂಗಿನಕಾಯಿ, ಎರಡು ಕೆಜಿ ದಾಟುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ತೋಳು ನಡುಗಿ ನೀರು ಸೀರೆಗೆ. ಅರ್ಧ ನೀರು ಸಾಕು. ಕಾಯಿಯನ್ನು ಅಂಗಡಿಯಲ್ಲೇ ಕಳಸದ ಬಾಯಿಗೆ ಇಟ್ಟು ನೋಡಿ ತರಬೇಕು.

ಸೆರಗಿಗೆ ಉಡಿ ತುಂಬುವುದರಲ್ಲಿ ಹೆಚ್ಚು ಕಲಿತದ್ದು ದುಡ್ಡು ಕಳೆದೇ. ಪಾಲಿಯೆಸ್ಟರ್ ಜಂಪರ್ ಪೀಸ್ 40 ರೂಪಾಯಿಗೆ ಸಿಗುತ್ತದೆಂದು ಒಮ್ಮೆಗೇ 50 ತಂದೆ. ರೇಷ್ಮೆ ಸೆರಗಿನ ಮೇಲೆ ಅದು ಜಾರಿ ಅಕ್ಕಿಯೆಲ್ಲ ನೆಲಕ್ಕೆ. ಗುಳೇದಗುಡ್ಡದ ಖಣ, ಅಂದರೆ ಕೈಮಗ್ಗದ ಕುಬಸದ ಬಟ್ಟೆ, ತುಟ್ಟಿ, ಆದರೆ ಸೆರಗಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಮೊದಲು ಖಣ, ಮೇಲೆ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಐದೈದು ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಕಡೆಗೆ ಎಲೆ. ಎಲ್ಲ ಮೊದಲೇ ಚೀಲಕ್ಕೆ ತುಂಬಿಟ್ಟರೆ ಒಂದು ಉಡಿಗೆ ಎರಡು ನಿಮಿಷ. ಜೊತೆಗೆ ಇಟ್ಟ ಬೆಲ್ಲ ವೈಶಾಖದ ಸೆಕೆಗೆ ಕರಗಿ ಹನ್ನೆರಡು ಖಣ ಕೆಟ್ಟಿದ್ದವು, ಆಮೇಲೆ ಕಲ್ಲುಸಕ್ಕರೆಗೆ ಬಂದೆ. ಕೊಬ್ಬರಿ ತುಟ್ಟಿಯಾಗಿ ಈಗ ಖಣ ಬಿಟ್ಟೇ ಒಂದು ಉಡಿಗೆ ನೂರರ ಹತ್ತಿರ ಬೀಳುತ್ತದೆ.

ಸುರಗಿ ಬಿಚ್ಚಿದ ನೂಲು ನೆಲಕ್ಕೆ ತಾಗದಂತೆ ತಟ್ಟೆಗೆ ಇಳಿಸಿ, ಹಸಿ ಇರುವಾಗಲೇ ಅರಿಷಿಣ ಬೇರು ಕಟ್ಟಿ ಕಂಕಣ ಮಾಡಿ. ಒಣಗಿದ ಮೇಲೆ ಗಂಟು ಬಿಗಿಯುವುದಿಲ್ಲ.